ಡರ್ಹಮ್ ಸೀಮೆಯ ಗಣಿಯೂರುಗಳು

ಇಂಗ್ಲೆಂಡಿಗೆ ಹೋಗಿಬರುವ ನಮ್ಮವರಲ್ಲಿ ಬಹುಮಂದಿ ಲಂಡನ್ ನಗರವನ್ನೂ, ಹೆಚ್ಚೆಂದರೆ ಆಕ್ಸ್‌ಫರ್ಡಿನ ವಿದ್ಯಾಶಾಲೆಗಳನ್ನೂ ನೋಡಿಕೊಂಡು, ಆ ದೇಶವನ್ನೆಲ್ಲ ಕಂಡೆವೆಂದು ಸಂತೋಷಪಟ್ಟು ಹಿಂದಿರುಗುತ್ತಾರೆ. ಆದರೆ ರಾಜಧಾನಿಯ ವೈಭವವನ್ನು ಕಂಡ ಮಾತ್ರದಿಂದ ರಾಜ್ಯದ ಮನಸ್ಸು ತಿಳಿಯುವುದಿಲ್ಲ. ೨೦೧೬ನೆಯ ಇಸವಿ ಜೂನ್ ೨೩ರಂದು ಬ್ರಿಟನ್ನಿನ ಪ್ರಜೆಗಳು ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆಂದು ನೂರಕ್ಕೆ ೫೧.೯ ಮತಗಳಿಂದ ತೀರ್ಮಾನಿಸಿದಾಗ, ಲಂಡನ್ನಿನಲ್ಲಿ ನೂರಕ್ಕೆ ಸುಮಾರು ೬೦ ಮಂದಿ ಒಳಗೇ ಇರಬೇಕೆಂದು ಮತ ಕೊಟ್ಟಿದ್ದರು. ಹೊರಬರಬೇಕೆಂದವರು ಎಲ್ಲಿಯವರು, ಎಂಥವರು ಎಂಬುದನ್ನು ತಿಳಿಯಬೇಕಾದರೆ ರಾಜಧಾನಿಯನ್ನು ಬಿಟ್ಟು ಹೊರಡಬೇಕು. ಲಂಡನ್ನಿನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಲ್ಲಿ ಕೆಲವು ವಾರಗಳನ್ನು ಕಳೆಯುತ್ತಿದ್ದ ನಾನು, ೨೦೨೫ನೆಯ ಜುಲೈ ತಿಂಗಳಿನಲ್ಲಿ ಉತ್ತರ ದಿಕ್ಕಿನ ಡರ್ಹಮ್ ಸೀಮೆಗೆ ಪ್ರಯಾಣಮಾಡಿದೆನು.

ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಹೊರಟ ರೈಲುಬಂಡಿಯು ಸುಮಾರು ಮೂರು ಗಂಟೆಗಳಲ್ಲಿ ಡರ್ಹಮ್ ನಗರವನ್ನು ಸೇರುತ್ತದೆ. ಎತ್ತರವಾದ ಕಮಾನುಸೇತುವೆಯ ಮೇಲೆ ಬಂಡಿಯು ಸಾಗುವಾಗ, ವಿಯರ್ ನದಿಯು ಮೂರು ಕಡೆಯಿಂದ ಬಳಸಿ ಹರಿಯುವ ಗುಡ್ಡದ ನೆತ್ತಿಯಲ್ಲಿ ಮಹಾದೇವಾಲಯವು ಕಣ್ಣಿಗೆ ಬೀಳುವುದು. ೧೦೯೩ರಲ್ಲಿ ಕಟ್ಟಲು ತೊಡಗಿದ ಈ ಕ್ರೈಸ್ತ ಮಂದಿರದ ಗಾಂಭೀರ್ಯವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಒಳಗೆ ಒಂದು ಪಾರ್ಶ್ವದಲ್ಲಿ ಗಣಿಗಳಲ್ಲಿ ಮಡಿದವರ ಸ್ಮಾರಕವಿದೆ. ಇಲ್ಲಿಯ ವಿಶ್ವವಿದ್ಯಾಲಯವು ೧೮೩೨ರಲ್ಲಿ ಸ್ಥಾಪಿತವಾದುದು. ಬೀದಿಗಳಲ್ಲೆಲ್ಲ ತರುಣ ವಿದ್ಯಾರ್ಥಿಗಳು ಓಡಾಡುತ್ತಿರುತ್ತಾರೆ. ಜುಲೈ ತಿಂಗಳ ಎರಡನೆಯ ಶನಿವಾರ ಮಾತ್ರ ನಗರವು ಬೇರೆಯವರದಾಗುವುದು. ಅಂದು ಗಣಿಕೆಲಸಗಾರರ ಜಾತ್ರೆ. ೧೮೭೧ರಲ್ಲಿ ಪ್ರಾರಂಭವಾದ ಈ ಉತ್ಸವದಲ್ಲಿ ಊರೂರಿನ ಸಂಘದವರು ತಮ್ಮ ತಮ್ಮ ಪತಾಕೆಗಳನ್ನೆತ್ತಿ, ಹಿತ್ತಾಳೆಯ ವಾದ್ಯಗಳನ್ನು ಬಾರಿಸಿಕೊಂಡು ಮೆರವಣಿಗೆ ಬರುತ್ತಾರೆ. ನಮ್ಮ ಊರುಗಳ ರಥೋತ್ಸವದ ಸಂಭ್ರಮವೇ ನನಗೆ ನೆನಪಾಯಿತು. ಆಶ್ಚರ್ಯವೆಂದರೆ, ಪತಾಕೆಗಳ ಮೇಲೆ ಹೆಸರಿರುವ ಗಣಿಗಳಲ್ಲಿ ಈಗ ಒಂದೂ ಉಳಿದಿಲ್ಲ.

ಮೊದಲ ಮಹಾಯುದ್ಧದ ಕಾಲದ ಸುಮಾರಿಗೆ ಈ ಸೀಮೆಯ ಕಲ್ಲಿದ್ದಲ ಗಣಿಗಳಲ್ಲಿ ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ಜನರು ದುಡಿಯುತ್ತಿದ್ದರು. ೧೯೧೯ರಲ್ಲಿ ಇಲ್ಲಿಯ ಸೀಮಾ ಪರಿಷತ್ತು ಲೇಬರ್ ಪಕ್ಷದವರ ವಶವಾಯಿತು. ಇಂಗ್ಲೆಂಡಿನ ಸೀಮಾ ಪರಿಷತ್ತುಗಳಲ್ಲಿ ಆ ಪಕ್ಷಕ್ಕೆ ಮೊದಲು ದೊರೆತುದು ಇದೇ. ಬಾಲ್ಯದಲ್ಲಿಯೇ ಗಣಿಗಿಳಿದಿದ್ದ ಪೀಟರ್ ಲೀ ಎಂಬ ಮಹನೀಯನು ಅದರ ಅಧ್ಯಕ್ಷನಾದನು. ಅವನ ಹೆಸರಿನ ಪೀಟರ್ಲೀ ಎಂಬ ಹೊಸ ಪಟ್ಟಣವು ಇಂದಿಗೂ ಇದೆ. ತರುವಾಯ ಎಣ್ಣೆ, ಅನಿಲ, ಪರದೇಶದ ಅಗ್ಗದ ಕಲ್ಲಿದ್ದಲು ಇವೆಲ್ಲ ಬಂದುವು. ಪಶ್ಚಿಮ ಭಾಗದ ಹಳೆಯ ಗಣಿಗಳು ಬರಿದಾದುವು. ೧೯೫೧ರಲ್ಲಿ ಪರಿಷತ್ತಿನವರೇ ಒಂದು ಯೋಜನೆಯನ್ನು ಮಾಡಿ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ‘ಡಿ’ ವರ್ಗಕ್ಕೆ ಸೇರಿಸಿದರು. ಅಂಥ ಹಳ್ಳಿಗಳಲ್ಲಿ ಇನ್ನು ಮುಂದೆ ಹೊಸ ಮನೆ ಕಟ್ಟಿಸತಕ್ಕದ್ದಿಲ್ಲ, ಹಣ ತೊಡಗಿಸತಕ್ಕದ್ದಿಲ್ಲ, ತಾವಾಗಿ ಕ್ಷಯಿಸಲಿ ಎಂಬುದೇ ಅದರ ತಾತ್ಪರ್ಯ. ತಾವೇ ಆರಿಸಿದವರು ತಮ್ಮೂರಿಗೆ ಮರಣಶಾಸನ ಬರೆದರೆಂದು ಅಲ್ಲಿಯ ಜನ ನೊಂದುಕೊಂಡರು. ೧೯೮೪–೮೫ರ ಮಹಾ ಮುಷ್ಕರವು ಸೋತ ಮೇಲೆ ಉಳಿದ ಗಣಿಗಳೂ ಒಂದೊಂದಾಗಿ ಮುಚ್ಚಿದುವು.

ಡರ್ಹಮಿನಿಂದ ಪೂರ್ವಕ್ಕೆ ಬಸ್ಸಿನಲ್ಲಿ ಹೋಗಿ, ಸಮುದ್ರತೀರದ ಈಸಿಂಗ್ಟನ್ ಕಾಲಿಯರಿ ಎಂಬ ಊರನ್ನು ನೋಡಿದೆನು. ೧೯೫೧ನೆಯ ಮೇ ತಿಂಗಳಿನಲ್ಲಿ ಇಲ್ಲಿಯ ಗಣಿಯೊಳಗೆ ಆದ ಸ್ಫೋಟದಿಂದ ೮೩ ಮಂದಿ ತೀರಿಕೊಂಡರು; ಅವರಲ್ಲಿ ಇಬ್ಬರು ರಕ್ಷಣೆಗೆಂದು ಇಳಿದವರು. ೧೯೯೩ರಲ್ಲಿ ಗಣಿ ಮುಚ್ಚಿತು. ಗಣಿಯಿದ್ದ ಜಾಗದಲ್ಲಿ ಈಗ ಹಸುರು ಹುಲ್ಲು. ಕೆಲಸಗಾರರನ್ನು ಪಾತಾಳಕ್ಕಿಳಿಸುತ್ತಿದ್ದ ಕಬ್ಬಿಣದ ಪಂಜರವನ್ನು ದಿಬ್ಬದ ಮೇಲೆ ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಗಣಿಯ ಕಸದಿಂದ ಕಪ್ಪಾಗಿದ್ದ ಕಡಲ ದಂಡೆಯನ್ನು ಬಹಳ ಹಣ ಖರ್ಚುಮಾಡಿ ಶುದ್ಧಮಾಡಿದರು. ದಂಡೆ ಶುದ್ಧವಾಯಿತು, ದುಡಿಮೆ ಮಾತ್ರ ಬರಲಿಲ್ಲ. ಇಟ್ಟಿಗೆಯ ಸಾಲುಮನೆಗಳಲ್ಲಿ ಕೆಲವಕ್ಕೆ ಹಲಗೆ ಬಡಿದಿತ್ತು. ಬಸ್ಸಿನಲ್ಲಿ ನನ್ನ ಜೊತೆಗಿದ್ದವರು ಹೆಚ್ಚಾಗಿ ತಲೆ ನರೆತವರೇ.

ಇಂಥ ಸೀಮೆಯ ಮತವು ಹೇಗೆ ತಿರುಗಿತೆಂಬುದನ್ನು ನೋಡಬೇಕು. ೨೦೧೬ರಲ್ಲಿ ಇಲ್ಲಿ ನೂರಕ್ಕೆ ೫೭ಕ್ಕಿಂತ ಹೆಚ್ಚು ಮಂದಿ ಒಕ್ಕೂಟವನ್ನು ಬಿಡಬೇಕೆಂದರು. ೧೮೮೫ರಲ್ಲಿ ರಚಿತವಾದ ಬಿಷಪ್ ಆಕ್ಲೆಂಡ್ ಕ್ಷೇತ್ರವೂ, ಪ್ರಧಾನಿಯಾಗಿದ್ದ ಟೋನಿ ಬ್ಲೇರರು ಪ್ರತಿನಿಧಿಸಿದ್ದ ಸೆಜ್‌ಫೀಲ್ಡ್ ಕ್ಷೇತ್ರವೂ ೨೦೧೯ರಲ್ಲಿ ಕನ್ಸರ್ವೆಟಿವ್ ಪಕ್ಷದ ಪಾಲಾದುವು. ಬಿಷಪ್ ಆಕ್ಲೆಂಡಿನ ಮಟ್ಟಿಗೆ ಅದು ಚರಿತ್ರೆಯಲ್ಲಿಯೇ ಮೊದಲ ಸಲ. ೨೦೨೧ರಲ್ಲಿ ಸೀಮಾ ಪರಿಷತ್ತಿನ ಬಹುಮತವು ಲೇಬರ್ ಪಕ್ಷದ ಕೈತಪ್ಪಿತು. ೨೦೨೪ರ ಮಹಾಚುನಾವಣೆಯಲ್ಲಿ ಬಿಷಪ್ ಆಕ್ಲೆಂಡ್ ಪುನಃ ಲೇಬರಿಗೆ ಮರಳಿತಾದರೂ, ವರುಷ ತುಂಬುವುದರೊಳಗೆ ೨೦೨೫ರ ಮೇ ತಿಂಗಳಿನಲ್ಲಿ ಪರಿಷತ್ತಿನ ೯೮ ಸ್ಥಾನಗಳಲ್ಲಿ ೬೫ನ್ನು ರಿಫಾರ್ಮ್ ಯು.ಕೆ. ಎಂಬ ಹೊಸ ಪಕ್ಷವು ಗೆದ್ದುಕೊಂಡಿತು. ಲೇಬರಿಗೆ ಉಳಿದುವು ನಾಲ್ಕು.

ಇದಕ್ಕೆ ವಾರ್ಧಕ್ಯವೇ ಕಾರಣವೆಂದು ಕೆಲವರು ಹೇಳುತ್ತಾರೆ. ಅಂಕಿಗಳೂ ಹಾಗೆಯೇ ನುಡಿಯುತ್ತವೆ. ೨೦೧೬ರಲ್ಲಿ ೨೫ ವಯಸ್ಸಿನೊಳಗಿನವರಲ್ಲಿ ನೂರಕ್ಕೆ ಸುಮಾರು ೭೦ ಮಂದಿ ಒಕ್ಕೂಟದ ಪರವಾಗಿಯೂ, ೬೫ ದಾಟಿದವರಲ್ಲಿ ೬೦ ಅಥವಾ ಅದಕ್ಕೂ ಹೆಚ್ಚು ಮಂದಿ ವಿರೋಧವಾಗಿಯೂ ಮತ ಕೊಟ್ಟರು. ಬ್ರಿಟಿಷ್ ಮತದಾರನು ಲೇಬರಿಗಿಂತ ಕನ್ಸರ್ವೆಟಿವ್ ಪಕ್ಷದ ಕಡೆಗೆ ಹೆಚ್ಚು ವಾಲುವ ವಯಸ್ಸು ೨೦೧೯ರಲ್ಲಿ ೩೯ ಇದ್ದುದು, ೨೦೨೪ರಲ್ಲಿ ೬೩ಕ್ಕೆ ಏರಿತೆಂದು ಯೂಗವ್ ಸಂಸ್ಥೆಯವರು ಗಣಿಸಿದ್ದಾರೆ. ವೃದ್ಧರು ತಪ್ಪದೆ ಮತಗಟ್ಟೆಗೆ ಹೋಗುವರು. ತರುಣರಲ್ಲಿ ಅನೇಕರು ಹೋಗರು. ಆದಕಾರಣವೇ, ಬೆಲೆ, ಸಂಬಳ, ನೂರಕ್ಕೆ ಎರಡೂವರೆ ಈ ಮೂರರಲ್ಲಿ ಯಾವುದು ಹೆಚ್ಚೋ ಅದರಂತೆ ವೃದ್ಧರ ಪೆನ್ಷನ್ನನ್ನು ವರ್ಷೇವರ್ಷೇ ಏರಿಸುವ ಕಟ್ಟಳೆಯನ್ನು ಮುಟ್ಟಲು ಪಕ್ಷಗಳು ಅಂಜುತ್ತವೆ.

ಆದರೆ ವಯಸ್ಸೊಂದೇ ಕಾರಣವೆಂಬ ಮಾತು ಪೂರ್ತಿಯಾಗಿ ಒಪ್ಪತಕ್ಕದ್ದಲ್ಲ. ಈಸಿಂಗ್ಟನ್ನಿನಲ್ಲಿ ಇಂದು ಅರುವತ್ತು ದಾಟಿರುವವನು ಮುಷ್ಕರದ ಕಾಲಕ್ಕೆ ಇಪ್ಪತ್ತರ ತರುಣನಾಗಿದ್ದನು; ಕನ್ಸರ್ವೆಟಿವ್ ಸರಕಾರಕ್ಕೆ ಎದುರು ನಿಂತವನೂ ಅವನೇ. ಬಡತನವೊಂದೇ ಕಾರಣವೆಂದರೂ ಸಲ್ಲದು. ತನ್ನ ಹಡಗುಕಟ್ಟೆಯ ಕೆಲಸವನ್ನು ಕಳೆದುಕೊಂಡು ಬಹಳ ಕಷ್ಟಪಟ್ಟ ಲಿವರ್‌ಪೂಲ್ ನಗರವು ಒಕ್ಕೂಟದ ಪರವಾಗಿಯೇ ಮತ ಕೊಟ್ಟಿತು, ಲೇಬರ್ ಪಕ್ಷವನ್ನೂ ಬಿಡಲಿಲ್ಲ. ಅದು ವಿದ್ಯಾರ್ಥಿಗಳು ಬಂದು ಸೇರುವ ಮಹಾನಗರ. ಗಣಿಯೂರಿನಿಂದಾದರೋ ತರುಣರು ಓದಿಗೆಂದು ಹೊರಟವರು ಹಿಂದಿರುಗುವುದಿಲ್ಲ. ಹೋದವರ ಮತವು ನ್ಯೂಕಾಸಲ್, ಲೀಡ್ಸ್, ಲಂಡನ್ನುಗಳಲ್ಲಿ ಎಣಿಕೆಯಾಗುವುದು. ಉಳಿದವರ ಮತವು ಊರಿನದಾಗುವುದು. ಹೀಗೆ ವಾರ್ಧಕ್ಯವೂ ಊರಿನ ಕ್ಷಯವೂ ಒಂದರೊಳಗೊಂದು ಹೆಣೆದುಕೊಂಡಿವೆ.

ದಿಬ್ಬದ ಹತ್ತಿರ ಹಲಗೆಯ ಮೇಲೆ ಕುಳಿತಿದ್ದ, ನನ್ನ ಸಮವಯಸ್ಕರೇ ಆದ ಒಬ್ಬರೊಡನೆ ಮಾತನಾಡುವ ಅವಕಾಶ ದೊರೆಯಿತು. ಹದಿನಾರರಲ್ಲಿ ಗಣಿಗಿಳಿದವರು, ಮುಚ್ಚಿದಾಗ ಮೂವತ್ತು ತುಂಬಿರಲಿಲ್ಲ. ಮಗಳು ಲೀಡ್ಸಿನಲ್ಲಿ ದಾದಿಯಂತೆ. “ನಮ್ಮ ತಂದೆ ಓಟು ಹಾಕುತ್ತಿದ್ದುದು ಮಾಡಿದ ಉಪಕಾರಕ್ಕಾಗಿ, ನಾನು ಹಾಕುತ್ತಿರುವುದು, ಯಾರಾದರೂ ಒಮ್ಮೆ ಈ ಕಡೆ ತಿರುಗಿ ನೋಡಲಿ ಎಂದು,” ಎಂದರು. ಹೊಸ ಪಕ್ಷದವರು ಗಣಿಯನ್ನು ತಂದುಕೊಡುವರೆಂಬ ಭ್ರಮೆ ಅವರಿಗಿರಲಿಲ್ಲ. ಪರದೇಶದಿಂದ ಬಂದವರ ವಿಷಯದಲ್ಲಿ ಆ ಪಕ್ಷದವರು ಆಡುವ ಮಾತುಗಳನ್ನು ನಾನು ಪ್ರಸ್ತಾಪಿಸಿದೆನು. ಭಾರತದ ಪ್ರಜೆಯಾದ ನನ್ನ ಮಗನಿಗೆ, ಕಾಮನ್‌ವೆಲ್ತ್ ದೇಶದವನೆಂಬ ಕಾರಣದಿಂದ, ಅಲ್ಲಿಯ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತವಿದೆಯೆಂದೂ ತಿಳಿಸಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಮಗನೂ ಊರಿಗೆ ಹಿಂದಿರುಗುವುದಿಲ್ಲವೋ?” ಎಂದು ಕೇಳಿದರು. ಉತ್ತರ ಹೇಳಲು ನನಗೆ ತೋಚಲಿಲ್ಲ.

ಮುದುಕರು ಕಿರಿಯರ ಭವಿಷ್ಯವನ್ನು ಕೆಡಿಸಿದರೆಂದು ಲಂಡನ್ನಿನ ತರುಣರು ದೂರುವುದುಂಟು. ಮತದ ಫಲವನ್ನು ಹೆಚ್ಚು ಕಾಲ ಅನುಭವಿಸತಕ್ಕವರು ಕಿರಿಯರಾದುದರಿಂದ ಆ ದೂರು ನಿರಾಧಾರವಲ್ಲ. ಆದರೆ ಕಿರಿಯರಿಲ್ಲದ ಊರಿನಲ್ಲಿ ಮುದುಕರು ಯಾರ ಭವಿಷ್ಯವನ್ನು ಕಣ್ಣಮುಂದಿಟ್ಟುಕೊಂಡು ಮತ ಕೊಡಬೇಕು ಎಂಬುದನ್ನೂ ಕೇಳಿಕೊಳ್ಳಬೇಕಲ್ಲವೇ? ಹದಿನಾರು ವಯಸ್ಸಿನವರಿಗೂ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತಾಧಿಕಾರ ಕೊಡುವುದಾಗಿ ಬ್ರಿಟಿಷ್ ಸರಕಾರವು ೨೦೨೫ರ ಜುಲೈಯಲ್ಲಿಯೇ ಪ್ರಕಟಿಸಿತು. ಒಳ್ಳೆಯದೇ. ಈಸಿಂಗ್ಟನ್ನಿನ ಹುಡುಗರು ಮೊದಲನೆಯ ಮತವನ್ನು ತಮ್ಮೂರಿನಲ್ಲಿಯೇ ಹಾಕುವರು. ಎರಡನೆಯದನ್ನೂ ಅಲ್ಲಿಯೇ ಹಾಕುವಂತೆ ಮಾಡುವುದು ಯಾವ ಕಾನೂನಿನಿಂದಲೂ ಆಗದು. ಅದಕ್ಕೆ ಊರಿನಲ್ಲಿ ಕೆಲಸವಿರಬೇಕು.