ಧರ್ಮಾಂಬುಧಿಯ ದಡದಲ್ಲಿ

ಬೆಂಗಳೂರಿನ ಉಪ್ಪಾರಪೇಟೆಯ ಹೆಸರಿನಲ್ಲಿ ಉಪ್ಪು ಮಾಡುತ್ತಿದ್ದ ಉಪ್ಪಾರರ ನೆನಪಿದೆ. ಕಡಲಿಗೆ ಬಹುದೂರವಾದ ನಾಡಿನಲ್ಲಿ ಅವರು ಚೌಳುಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬತ್ತಿಸಿ ಉಪ್ಪು ತೆಗೆಯುವವರು. ಪೇಟೆಯ ಮಗ್ಗುಲಲ್ಲಿಯೇ ಕೆಂಪೇಗೌಡರ ಕಾಲದ್ದೆಂದು ಹೇಳುವ ಧರ್ಮಾಂಬುಧಿಯೆಂಬ ಕೆರೆಯಿದ್ದಿತು. ಅಂಬುಧಿಯೆಂದರೆ ಸಮುದ್ರ. ಕೆರೆ ಬತ್ತಿಹೋಗಿ, ಅದರ ಪಾತ್ರದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಅದರಾಚೆಗೆ ರೈಲ್ವೆ ನಿಲ್ದಾಣ. ನೀರು ಹೋದರೂ ಜನಪ್ರವಾಹ ಹಗಲಿರುಳು ಅಲ್ಲಿ ಹರಿಯುತ್ತಲೇ ಇದೆ.

ಈ ದಾರಿಗಳಲ್ಲಿ ತಿರುಗಾಡುವಾಗಲೆಲ್ಲ ನಮ್ಮ ಗಮನವನ್ನು ಸೆಳೆಯುವುದು ಛತ್ರವೆಂಬ ಶಬ್ದ. ಸುಬೇದಾರ ಛತ್ರದ ರಸ್ತೆಯು ತನ್ನ ಹೆಸರಿನಲ್ಲಿಯೇ ಒಂದು ಛತ್ರವನ್ನು ಉಳಿಸಿಕೊಂಡಿದೆ. ರೈಲ್ವೆ ನಿಲ್ದಾಣದ ಎದುರಿನಲ್ಲಿ ಗುಬ್ಬಿ ತೋಟದಪ್ಪನವರು 1903ರಲ್ಲಿ ಯಾತ್ರಿಕರಿಗಾಗಿ ಧರ್ಮಛತ್ರವನ್ನು ತೆರೆದರು. ವ್ಯಾಪಾರದಿಂದ ಗಳಿಸಿದ ಐಶ್ವರ್ಯವನ್ನು ಮಕ್ಕಳಿಲ್ಲದ ಆ ಪುಣ್ಯಾತ್ಮರು ಧರ್ಮಸಂಸ್ಥೆಗೆ ಬಿಟ್ಟು, 1910ರಲ್ಲಿ ದಿವಂಗತರಾದರು. ಗುರುತಿಲ್ಲದ ಊರಿನಲ್ಲಿ ಇಳಿದವನಿಗೆ ತಲೆಯ ಮೇಲೊಂದು ಸೂರು ಸಿಕ್ಕಲಿ ಎಂಬುದೇ ಅವರ ಉದ್ದೇಶ.

ಕಾಸಿಲ್ಲದೆ ದೇಶ ಸುತ್ತುವ ಸಂನ್ಯಾಸಿಗೆ ದೇವರೇ ದಿಕ್ಕೆಂದು ನಾವೆಲ್ಲರೂ ಹೇಳುತ್ತೇವೆ. ಆದರೆ ದೇವರು ಅವನಿಗೆ ಅನ್ನವಿಕ್ಕುವುದು ಯಾರ ಕೈಯಿಂದ? ಇದಕ್ಕೆ ಉತ್ತರವನ್ನು ಸ್ವಾಮಿ ವಿವೇಕಾನಂದರ ಸಂಚಾರದಲ್ಲಿಯೇ ನೋಡಬಹುದು. ಉಪ್ಪಾರಪೇಟೆಯ ಬಳಿ ತೋಟದಪ್ಪನವರ ಛತ್ರವಿನ್ನೂ ಇಲ್ಲದಿದ್ದ 1892ರಲ್ಲಿ ಅವರು ಬೆಂಗಳೂರಿಗೆ ಬಂದರು. ಮೊದಲು ಕೆಲವು ದಿನ ಯಾರಿಗೂ ತಿಳಿಯದಂತಿದ್ದು, ಬಳಿಕ ದಿವಾನ್ ಶೇಷಾದ್ರಿ ಅಯ್ಯರವರ ಅತಿಥಿಯಾದರು. ಮೈಸೂರಿನಿಂದ ಹೊರಡುವಾಗ ದಿವಾನರು ಹಣ ಕೊಡಲು ಎಷ್ಟು ಬಲವಂತಪಡಿಸಿದರೂ ಒಪ್ಪದೆ, ಮುಂದಿನ ಪ್ರಯಾಣದ ರೈಲುಚೀಟಿಯೊಂದನ್ನು ಮಾತ್ರ ತೆಗೆದುಕೊಂಡರೆಂದು ಚರಿತ್ರಕಾರರು ಬರೆದಿದ್ದಾರೆ.

ನೆಲದ ಮೇಲೆ ಇದು ಸಾಧ್ಯ. ಹಸಿವಾದರೆ ಭಿಕ್ಷೆಗೆ ಒಂದು ಬಾಗಿಲಿರುತ್ತದೆ. ಕಡಲಿನ ಮೇಲೆ ಬಾಗಿಲುಗಳಿಲ್ಲ. ಹಡಗಿನವನು ವೈರಾಗ್ಯವನ್ನು ಕಂಡು ಹತ್ತಿಸಿಕೊಳ್ಳುವುದಿಲ್ಲ, ಚೀಟಿಯನ್ನು ಕೇಳುತ್ತಾನೆ. ಆಗ ಸ್ವಾಮಿಗಳಿಗಾಗಿ ಮದರಾಸಿನಲ್ಲಿ ಮನೆಮನೆಗೆ ಹೋಗಿ ಕೈನೀಡಿದವರು ನಮ್ಮ ಚಿಕ್ಕಮಗಳೂರಿನಲ್ಲಿ 1865ರಲ್ಲಿ ಹುಟ್ಟಿದ ಅಳಸಿಂಗ ಪೆರುಮಾಳರು. ಅವರು ಶ್ರೀಮಂತರಲ್ಲ, ಒಬ್ಬ ಶಾಲೆಯ ಉಪಾಧ್ಯಾಯರು. ಪಾಠ ಹೇಳಿಯೇ ಜೀವಮಾನವನ್ನು ಕಳೆದ ನಮಗೆ ಈ ಸಂಗತಿಯಿಂದ ಆಗುವ ಹಿಗ್ಗು ಅಷ್ಟಿಷ್ಟಲ್ಲ. ಸಾಧಾರಣ ಸಂಸಾರಿಗಳ ಕಾಣಿಕೆಗೆ ಖೇತ್ರಿಯ ಮಹಾರಾಜರ ನೆರವೂ ಕೂಡಿತು. 1893ನೆಯ ಮೇ 31ರಂದು ಸ್ವಾಮಿಗಳು ಮುಂಬಯಿಯಲ್ಲಿ ಹಡಗನ್ನೇರಿ, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳ ಮಾರ್ಗವಾಗಿ ಜುಲೈ ತಿಂಗಳಿನಲ್ಲಿ ಅಮೆರಿಕಾ ಖಂಡವನ್ನು ಮುಟ್ಟಿದರು.

ಚಿಕಾಗೋವಿನ ಸರ್ವಧರ್ಮ ಸಮ್ಮೇಳನವು ಸೆಪ್ಟೆಂಬರಿಗೆ ಎಂಬುದು ಅಲ್ಲಿ ತಿಳಿಯಿತು. ಕೈಯಲ್ಲಿದ್ದ ಹಣ ಕರಗುತ್ತ ಬಂದಿತು. ಖರ್ಚು ಕಡಿಮೆಯೆಂದು ಬಾಸ್ಟನ್ನಿಗೆ ಹೋದಾಗ, ಪ್ರೊಫೆಸರ್ ರೈಟ್ ಎಂಬವರು ಪರಿಚಯಪತ್ರ ಕೊಟ್ಟು ಹಿಂದಕ್ಕೆ ಕಳುಹಿಸಿದರು. ಚಿಕಾಗೋ ಸೇರುವಷ್ಟರಲ್ಲಿ ವಿಳಾಸ ಕಳೆದುಹೋಗಿ, ಒಂದು ರಾತ್ರಿಯನ್ನು ರೈಲ್ವೆ ಅಂಗಳದ ಖಾಲಿ ಬಂಡಿಯಲ್ಲಿ ಕಳೆಯಬೇಕಾಯಿತು. ಬೆಳಗಾದ ಮೇಲೆ ಮನೆಗಳ ಬಾಗಿಲಲ್ಲಿ ನಿಂತರೆ, ಆಳುಗಳು ಅಟ್ಟಿದರು. ದಣಿದು ಬೀದಿಯ ಬದಿಯಲ್ಲಿ ಕುಳಿತವರನ್ನು ಎದುರುಮನೆಯ ಗೃಹಿಣಿ ಶ್ರೀಮತಿ ಹೇಲ್ ನೋಡಿ, ಹೊರಗೆ ಬಂದು ವಿಚಾರಿಸಿ, ಒಳಕ್ಕೆ ಕರೆದು ಉಪಚರಿಸಿದರು. ಜಗತ್ತು ಕೇಳಿದ ಆ ಭಾಷಣಕ್ಕೆ ಮುಂಚೆ ತೆರೆದುದು ಒಂದು ಮನೆಯ ಬಾಗಿಲು!

ಸಂಚಾರಿಯ ನಂಬಿಕೆಯನ್ನು ನಾವು ಹೊಗಳುವುದು ಯುಕ್ತವೇ. ಆದರೆ ಅವನ ನಂಬಿಕೆ ನಿಜವಾಗುವುದೂ ಸುಳ್ಳಾಗುವುದೂ ಗೃಹಸ್ಥರಾದ ನಮ್ಮ ನಡತೆಯನ್ನು ಅವಲಂಬಿಸಿದೆಯೆಂಬುದನ್ನು ವಾಚಕರು ಮರೆಯಬಾರದು. ಇಂದಿನ ನಗರದಲ್ಲಿ ಕಂಡವರಿಗೆಲ್ಲ ಕದ ತೆರೆಯುವುದು ಜಾಣತನವಲ್ಲ ಎನ್ನುವಿರಿ, ನಾವೂ ಒಪ್ಪುತ್ತೇವೆ. ಹೆಂಗಸರು ಮಕ್ಕಳಿರುವ ಮನೆಗೆ ಎಚ್ಚರಿಕೆ ಬೇಕೇ ಬೇಕು. ಇದಕ್ಕೆ ತೋಟದಪ್ಪನವರು ತೋರಿಸಿದ ದಾರಿ ಉಂಟಲ್ಲ! ಒಂದು ಮನೆ ಹೊರಲಾರದುದನ್ನು ಒಂದು ಛತ್ರ ಹೊರುತ್ತದೆ. ಮನೆಯ ಲೆಕ್ಕದಲ್ಲಿ ತಿಂಗಳಿಗಿಷ್ಟೆಂದು ಅಪರಿಚಿತನ ಪಾಲನ್ನು ಎತ್ತಿಟ್ಟು, ನಂಬಿಕೆಯುಳ್ಳ ಛತ್ರಕ್ಕೋ ಅನ್ನದಾನಕ್ಕೋ ಸಲ್ಲಿಸುವುದು ಯಾವ ಸಂಸಾರಿಗೂ ಅಸಾಧ್ಯವಲ್ಲ. ಧರ್ಮಾಂಬುಧಿಯು ಹೆಸರಿಗೆ ತಕ್ಕಂತೆ ಉಳಿಯಬೇಕಾದರೆ, ಅದಕ್ಕೆ ನೀರು ಬರಬೇಕಾದುದು ನಮ್ಮ ಮನೆಗಳಿಂದಲೇ.