ಮೂವತ್ತೈದರಿಂದ ಮೂವತ್ಮೂರಕ್ಕೆ

ಎಸ್ಸೆಸ್ಸೆಲ್ಸಿ ಪಾಸಾಗಲು ಎಷ್ಟು ಬೇಕು ಎಂದು ಕೇಳಿದರೆ ನಮ್ಮ ಕಡೆ ಎರಡು ತಲೆಮಾರಿನವರು ಯೋಚನೆಯಿಲ್ಲದೆ ಹೇಳುತ್ತಿದ್ದ ಉತ್ತರ ಮೂವತ್ತೈದು. 2025ರ ಅಕ್ಟೋಬರಿನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅದು ಮೂವತ್ಮೂರಕ್ಕೆ ಇಳಿಯುತ್ತದೆಂದು ಪ್ರಕಟಿಸಿದರು. ಒಟ್ಟು 625ರಲ್ಲಿ 206 ಬರಬೇಕು, ಯಾವ ವಿಷಯದಲ್ಲೂ ನೂರಕ್ಕೆ 30ರ ಕೆಳಗೆ ಹೋಗಬಾರದು. ಆಂತರಿಕ ಅಂಕವನ್ನೂ ಬರವಣಿಗೆಯ ಅಂಕವನ್ನೂ ಕೂಡಿಸಿಯೇ ಈ ಲೆಕ್ಕ. ಹಳಿಯಾಳದ ಪೇಟೆಯಲ್ಲಿ ಅದರ ಮರುದಿನ ಕೇಳಿದ ಮಾತು ಎರಡೇ ಬಗೆಯವು. ‘ಇನ್ನೇನು, ಎಲ್ಲಾರೂ ಪಾಸು’ ಎಂದವರು ಕೆಲವರು. ‘ಬಡವರ ಮಕ್ಕಳಿಗೆ ಒಳ್ಳೇದಾತು’ ಎಂದವರು ಉಳಿದವರು. ನಾನು ದಾಂಡೇಲಿಯಲ್ಲಿ ಓದಿದವನು. ಜೋಯಿಡಾ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕಂಡದ್ದನ್ನು ನೆನೆದರೆ ಈ ಎರಡೂ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ನನ್ನ ಅಪ್ಪನ ಕಾಲದಲ್ಲಿ ಎಸ್ಸೆಸ್ಸೆಲ್ಸಿಯ ಮಾತೇ ಇರಲಿಲ್ಲ. 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ. ಅದನ್ನು ದಾಟಿದವನು ಓದಿದವನು ಎಂದು ಲೆಕ್ಕ. ಮುಲ್ಕಿ ಪಾಸಾದವರು ಕನ್ನಡ ಶಾಲೆಯ ಮಾಸ್ತರರಾದರು, ತಲಾಠಿಗಳಾದರು. ಅಪ್ಪ ಆ ಪರೀಕ್ಷೆಯ ಬಲದ ಮೇಲೆಯೇ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಗುಮಾಸ್ತನಾದ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1955ರಲ್ಲಿ. ಕಾಳಿ ನದಿಯ ದಂಡೆಯ ಕಾಡಿನ ಊರಿಗೆ ದೇಶದ ನಾನಾ ಭಾಗದ ಜನ ಬಂದರು. ಜನರ ಹಿಂದೆ ಶಾಲೆ ಬಂತು. ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ 1953ರಿಂದ ಜಿಲ್ಲೆಯುದ್ದಕ್ಕೂ ತೆರೆದ ಹೈಸ್ಕೂಲುಗಳಲ್ಲಿ ದಾಂಡೇಲಿಯ ಜನತಾ ವಿದ್ಯಾಲಯವೂ ಒಂದು. ಚುಟುಕಗಳಿಂದ ನಾಡಿಗೆ ಪರಿಚಿತರಾದ ಈ ಕವಿಯನ್ನು ಉತ್ತರ ಕನ್ನಡದ ಹಳಬರು ಇಂದಿಗೂ ನೆನೆಯುವುದು ಈ ಶಾಲೆಗಳಿಗಾಗಿ.

ನಾನು ಎಸ್ಸೆಸ್ಸೆಲ್ಸಿ ಬರೆದದ್ದು ಎಪ್ಪತ್ತರ ದಶಕದ ಕೊನೆಗೆ. ನಮ್ಮ ತರಗತಿಯಲ್ಲಿ ಇಂಗ್ಲಿಷಿಗೋ ಗಣಿತಕ್ಕೋ ಡುಮ್ಕಿ ಹೊಡೆದವರು ಬಹಳ ಮಂದಿ. ಆದರೆ ದಾಂಡೇಲಿಯಲ್ಲಿ ನಪಾಸಾದ ಹುಡುಗನಿಗೆ ಕಾಲಿಡಲು ನೆಲವಿತ್ತು. ಮಿಲ್ಲಿನಲ್ಲಿ ಬದಲಿ ಕೆಲಸ, ಪ್ಲೈವುಡ್ ಕಾರ್ಖಾನೆ, ಫೆರೋ ಅಲಾಯ್ಸ್, ಅರಣ್ಯ ಇಲಾಖೆಯ ನಾಟಾ ಡಿಪೋ. ಅಪ್ಪನ ಹೆಸರು ಹೇಳಿದರೆ ಗೇಟಿನೊಳಗೆ ಬಿಡುತ್ತಿದ್ದ ಕಾಲ ಅದು. ಹಾಗಾಗಿ ಪಾಸಿನ ಗೆರೆ ಎಲ್ಲಿದೆ ಎಂಬುದರಿಂದ ಬದುಕು ತೀರ್ಮಾನವಾಗುತ್ತಿರಲಿಲ್ಲ. ಹುಡುಗಿಯರ ಮಾತು ಬೇರೆ. ನಪಾಸಾದ ಹುಡುಗಿಯ ಮದುವೆಯ ಮಾತು ಆ ಮಳೆಗಾಲದಲ್ಲೇ ಶುರುವಾಗುತ್ತಿತ್ತು.

ಜೋಯಿಡಾ ತಾಲ್ಲೂಕಿಗೆ ನನ್ನ ಮೊದಲ ನೇಮಕವಾದಾಗ ಗೆರೆ ಅಂದರೆ ಏನೆಂದು ತಿಳಿಯಿತು. ಸೂಪಾ ಅಣೆಕಟ್ಟಿನ ಹಿನ್ನೀರಿಗೆ ತಾಲ್ಲೂಕಿನ ಹಳೆಯ ಮುಖ್ಯ ಊರು ಸೂಪಾ ಸೇರಿಹೋಗಿದ್ದ ವರ್ಷಗಳು ಅವು. ನೆಲ ಕಳೆದುಕೊಂಡವರು ರಾಮನಗರಕ್ಕೆ ಬಂದು ನೆಲೆಯೂರುತ್ತಿದ್ದರು. ಉಳಿದ ಊರುಗಳೆಲ್ಲ ಕಾಡಿನೊಳಗೆ ಚೆದುರಿದ ನಾಲ್ಕಾರು ಮನೆಗಳ ಗುಂಪು. ಹೈಸ್ಕೂಲು ಮುಟ್ಟಲು ನಡೆಯಬೇಕು, ಇಲ್ಲವೆ ಬೆಳಿಗ್ಗೆ ಹೊರಡುವ ವಸ್ತಿ ಬಸ್ಸು ಹಿಡಿಯಬೇಕು. ಮಳೆಗಾಲದಲ್ಲಿ ಹಳ್ಳ ಬಂದರೆ ವಾರಗಟ್ಟಲೆ ಹಾಜರಿಯಿಲ್ಲ. 2006-07ರಲ್ಲಿ ಸರಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಟ್ಟಾಗ ಹಳಿಯಾಳದ ಬಯಲು ಊರುಗಳಲ್ಲಿ ಅದು ಹುಡುಗಿಯರನ್ನು ನಿಜವಾಗಿ ಶಾಲೆಗೆ ತಂದಿತು. ಜೋಯಿಡಾದ ಡಿಗ್ಗಿಯಂಥ ಕಡೆ ಏರು ಹತ್ತುವಾಗ ಮಕ್ಕಳೇ ಸೈಕಲ್ಲನ್ನು ನೂಕಿಕೊಂಡು ಹೋಗಬೇಕಾಗುತ್ತಿತ್ತು.

ದೂರಕ್ಕಿಂತ ದೊಡ್ಡ ತೊಡಕು ಮಾತು. ಕುಣಬಿ ಮಕ್ಕಳ ಮನೆಯಲ್ಲಿ ಕೊಂಕಣಿ, ಗೌಳಿ ದಡ್ಡಿಯಲ್ಲಿ ಅವರದೇ ಮರಾಠಿ, ಹಳಿಯಾಳದ ಕಡೆ ಮರಾಠಿ, ಉರ್ದು, ಸಿದ್ದಿಯರ ಹಟ್ಟಿಗಳಲ್ಲಿ ಅವರ ಬಗೆಯ ಕೊಂಕಣಿ. ಕನ್ನಡ ಅವರಿಗೆ ಶಾಲೆಯಲ್ಲಿ ಸಿಕ್ಕ ಭಾಷೆ. ಪರೀಕ್ಷಾ ಮಂಡಳಿಯ ಲೆಕ್ಕದಲ್ಲಿ ಮಾತ್ರ ಅದೇ ಅವರ ಪ್ರಥಮ ಭಾಷೆ. ಉಳಿದ ವಿಷಯಗಳಿಗೆ ತಲಾ 100 ಅಂಕವಾದರೆ ಇದಕ್ಕೆ 125. ಮೈಸೂರಿನ ಮಗು ಓದುವ ಕುಮಾರವ್ಯಾಸ, ಲಕ್ಷ್ಮೀಶರನ್ನೇ ಈ ಮಗುವೂ ಓದಬೇಕು. ಅದರಲ್ಲಿ ತಪ್ಪಿಲ್ಲ, ಓದಲಿ. ಆದರೆ ಮೈಸೂರಿನ ಮಗುವಿಗೆ ನಡುಗನ್ನಡವೊಂದೇ ಹೊಸದು, ಇವರಿಗೆ ಪಾಠ ವಿವರಿಸುವ ಹೊಸಗನ್ನಡವೂ ಹೊಸದು. ಗಣಿತದಲ್ಲಿ ನಾನು ಇದನ್ನು ದಿನವೂ ನೋಡಿದೆ. ಸಮೀಕರಣವನ್ನು ಕರಿಹಲಗೆಯ ಮೇಲೆ ಬರೆದುಕೊಟ್ಟರೆ ಥಟ್ಟನೆ ಬಿಡಿಸುವ ಹುಡುಗಿ ಅದೇ ಲೆಕ್ಕ ಮೂರು ಸಾಲಿನ ಮಾತಿನಲ್ಲಿ ಬಂದರೆ ಪೆನ್ನು ಕೆಳಗಿಡುತ್ತಿದ್ದಳು. ಅವಳಿಗೆ ಗಣಿತ ಬರುವುದಿಲ್ಲವೆಂದು ಅಂಕಪಟ್ಟಿ ಹೇಳಿತು.

ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಗೆ ಬಂದ ಮೇಲೆ ಎಂಟನೆಯವರೆಗೆ ಯಾರನ್ನೂ ನಪಾಸು ಮಾಡುವಂತಿರಲಿಲ್ಲ. ಆ ಕಾಯ್ದೆ ಮಕ್ಕಳನ್ನು ಶಾಲೆಯಲ್ಲಿ ಉಳಿಸಿತು. ಅದಕ್ಕೆ ನಾನು ಸಾಕ್ಷಿ. ಜೊತೆಗೆ ಇನ್ನೊಂದಾಯಿತು. ಕನ್ನಡ ತಡವರಿಸಿ ಓದುವ ಮಕ್ಕಳು ಎಂಟಕ್ಕೆ ಬಂದರು, ಮೂರು ವರ್ಷದಲ್ಲಿ ಅವರನ್ನು ಮಂಡಳಿಯ ಪರೀಕ್ಷೆಗೆ ಕೂರಿಸುವ ಹೊಣೆ ಹೈಸ್ಕೂಲಿನದಾಯಿತು. ಜೂನಿನಲ್ಲಿ ಸೇತುಬಂಧ ಅಂತ ಒಂದಿದೆ, ಹಿಂದಿನ ವರ್ಷದ ಕಲಿಕೆಯನ್ನು ಸರಿಪಡಿಸಲು. ಅದು ಕೆಲವೇ ವಾರಗಳ ಕೆಲಸ. ಆ ವಾರಗಳು ಮುಗಿದವೆಂದರೆ ಪಾಠ ಓಡಬೇಕು. ಡಿಸೆಂಬರಿಗೆ ಬರುವ ಹೊತ್ತಿಗೆ ಹಿಂದುಳಿದವರನ್ನು ಬೇರೆ ಕೂರಿಸಿ ‘ಪಾಸಿಂಗ್ ಪ್ಯಾಕೇಜು’ ಶುರು. ಥೇಲ್ಸ್ ಪ್ರಮೇಯ ಬಾಯಿಪಾಠ, ವೃತ್ತಕ್ಕೆ ಸ್ಪರ್ಶಕ ಎಳೆಯುವುದು, ನಕ್ಷೆ ಬರೆಯುವುದು, ಎರಡು ಸೂತ್ರ. ಇಷ್ಟರಲ್ಲಿ ಗೆರೆ ದಾಟುವಷ್ಟು ಸಿಗುತ್ತದೆ. ಹಾಗೆ ದಾಟಿದ ಮಗು ಪಿಯುಸಿಯಲ್ಲಿ ಮೊದಲ ಕಿರುಪರೀಕ್ಷೆಗೇ ಕುಸಿಯುವುದನ್ನು ನಾವೆಲ್ಲ ನೋಡಿದ್ದೇವೆ. ಗೆರೆ ಮೂವತ್ತೈದಕ್ಕಿದ್ದಾಗಲೂ ಆ ಪ್ಯಾಕೇಜು ಇತ್ತು. ಮೂವತ್ಮೂರಕ್ಕೆ ಇನ್ನಷ್ಟು ತೆಳ್ಳಗಾಗಬಹುದು ಅಷ್ಟೆ.

ಈಗ ಆಂತರಿಕ ಅಂಕದ ಮಾತು. 2015ರ ಪರೀಕ್ಷೆಯಿಂದ ನೂರರಲ್ಲಿ 20 ಶಾಲೆಯ ಕೈಗೆ ಬಂತು, ಬರವಣಿಗೆಗೆ ಉಳಿದದ್ದು 80. ಹಿಂದೆ ಆ 80ರಲ್ಲೇ 28 ಬರಬೇಕಿತ್ತು. ಈಗ ಎರಡನ್ನೂ ಕೂಡಿಸುವುದರಿಂದ ಇಪ್ಪತ್ತಕ್ಕೆ ಇಪ್ಪತ್ತು ಪಡೆದವನಿಗೆ ಬರವಣಿಗೆಯಲ್ಲಿ ಹತ್ತು ಬಂದರೆ ವಿಷಯದ ಕನಿಷ್ಠ ಮುಟ್ಟಿತು. ಒಟ್ಟು 206 ಬೇಕೆಂಬುದು ಒಂದು ತಡೆ, ನಿಜ. ಆದರೂ ಇಪ್ಪತ್ತು ಅಂಕ ಹೇಗೆ ಬೀಳುತ್ತವೆ ಎಂಬುದು ಪಾಲಕರಿಗೂ ಗೊತ್ತು: ಹದಿನೆಂಟರ ಕೆಳಗೆ ಕೊಡುವ ಶಾಲೆ ಅಪರೂಪ. ಆ ಇಪ್ಪತ್ತೇ ನಮ್ಮ ಮಕ್ಕಳ ಪಾಲಿಗೆ ನಿಜವಾದ ಅವಕಾಶವಾಗಬಹುದಿತ್ತು. ಜೋಯಿಡಾದ ಕುಣಬಿಯರು ಬೆಳೆಯುವ ಮುಡ್ಲಿ ಗಡ್ಡೆ, ಬಗೆಬಗೆಯ ಗೆಣಸು ಈಗ ಮೇಳದಲ್ಲಿ ಮಾರಾಟವಾಗುತ್ತವೆ. ಯಾವ ಗಡ್ಡೆ ಯಾವಾಗ ನೆಡಬೇಕು, ಎಷ್ಟು ತೂಗುತ್ತದೆ, ಪೇಟೆಯ ದರ ಏನು, ಖರ್ಚು ಕಳೆದು ಕೈಗೆ ಉಳಿದದ್ದೆಷ್ಟು ಎಂದು ಮಗು ತನ್ನ ಮನೆಯ ಲೆಕ್ಕ ಬರೆದು ತರಲಿ. ಅದನ್ನು ತರಗತಿಯ ಮುಂದೆ ಕನ್ನಡದಲ್ಲಿ ಹೇಳಲಿ. ಅದು ಗಣಿತವೂ ಹೌದು, ವಿಜ್ಞಾನವೂ ಹೌದು, ಭಾಷೆಯೂ ಹೌದು. ಅದರ ಬದಲು ಪೇಟೆಯಲ್ಲಿ ಕೊಂಡ ಚಾರ್ಟನ್ನು ಗೋಡೆಗೆ ತೂಗುಹಾಕಿ ಅಂಕ ತುಂಬುತ್ತೇವೆ.

ಫಲಿತಾಂಶದ ಶೇಕಡಾವಾರಿನ ಏರಿಳಿತವನ್ನು ನಾನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಿಂದ ಮಕ್ಕಳ ಕಲಿಕೆ ಗೊತ್ತಾಗುವುದಿಲ್ಲ. 2021ರಲ್ಲಿ ಕೋವಿಡ್ ನಡುವೆ ಜುಲೈ 19 ಮತ್ತು 22ರ ಎರಡೇ ದಿನ ಪರೀಕ್ಷೆ, ಸರಿಯುತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳು, ಹೆಚ್ಚುಕಡಿಮೆ ಎಲ್ಲರೂ ಪಾಸು. ಅದರ ಹಿಂದಿನ ವರ್ಷ ನಮ್ಮ ಮಾಸ್ತರರು, ಅಕ್ಕೋರು ವಿದ್ಯಾಗಮದಡಿ ಊರೂರಿಗೆ ಹೋಗಿ ಜಗುಲಿ, ಗುಡಿಗಳಲ್ಲಿ ಪಾಠ ಮಾಡಿದ್ದರು. ಫೋನಿನ ಸಿಗ್ನಲ್ ಹುಡುಕಿ ಮಕ್ಕಳು ಗುಡ್ಡ ಹತ್ತಿದ್ದರು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ನಿಂತಿತು. ಕ್ಯಾಮೆರಾ ಇಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ. ನಿಜ ಅಂಕ ಕಾಣದೆ ಯಾರಿಗೆ ಏನು ಕಲಿಸಬೇಕೆಂದು ತಿಳಿಯುವುದು ಹೇಗೆ? ಹಾಗೆ ನೋಡಿದರೆ ಜಿಲ್ಲಾವಾರು ಪಟ್ಟಿಯಲ್ಲೂ ನಮ್ಮ ಮಕ್ಕಳು ಕಾಣುವುದಿಲ್ಲ. ಜೋಯಿಡಾ, ಹಳಿಯಾಳ, ಮುಂಡಗೋಡ ಎಲ್ಲವೂ ಶಿರಸಿ ಶೈಕ್ಷಣಿಕ ಜಿಲ್ಲೆಯೊಳಗೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಮನೆಯ ಮಗುವೂ ಜೋಯಿಡಾದ ಕ್ಯಾಸಲ್‌ರಾಕ್ ಕಡೆಯ ಮಗುವೂ ಒಂದೇ ಸರಾಸರಿಯಲ್ಲಿ ಕರಗುತ್ತಾರೆ.

ಮುಂಡಗೋಡದಲ್ಲಿ ಕಲಿಸುವಾಗ ಒಂದು ವಿಚಾರ ನನ್ನನ್ನು ಬಹಳ ಕಾಡಿತ್ತು. 1966ರಿಂದ ಅಲ್ಲಿ ಟಿಬೆಟನ್ ಕ್ಯಾಂಪು ಇದೆ. ಅವರ ಶಾಲೆ ಸಿಬಿಎಸ್‌ಇ ಪಠ್ಯಕ್ರಮದ್ದು, ಅಲ್ಲಿ ಪಾಸಿಗೆ ಮೂವತ್ಮೂರೇ ಸಾಕು. ಕೆಲವೇ ಮೈಲಿ ಆಚೆಯ ಕನ್ನಡ ಶಾಲೆಯ ಸಿದ್ದಿ ಹುಡುಗನಿಗೆ ಮೂವತ್ತೈದು. ಒಂದೇ ತಾಲ್ಲೂಕಿನಲ್ಲಿ ಎರಡು ಗೆರೆ ಇದ್ದವು, ಎರಡಂಕದಲ್ಲಿ ಸೋತ ಹುಡುಗನಿಗೆ ಅದರ ಸಮಾಧಾನ ಹೇಳುವವರಿರಲಿಲ್ಲ. ಆ ಒಂದು ಕಾರಣಕ್ಕೆ ಈಗಿನ ಇಳಿಕೆ ನ್ಯಾಯವಾದದ್ದು. ಮಕ್ಕಳನ್ನು ಮುಂದಿನ ಓದಿಗೆ ಅಣಿಗೊಳಿಸುವ ಕ್ರಮವೆಂದು ಅದನ್ನು ಹೊಗಳಿದರೆ ಮಾತ್ರ ಒಪ್ಪಲಾರೆ.

ಅಣಿಗೊಳಿಸಿದ ಬದಲಾವಣೆ ಬೇರೆಯೇ ಇದೆ. ಬಹಳ ಹಿಂದೆ, ಜೂನಿನ ಪೂರಕ ಪರೀಕ್ಷೆ ಬರುವ ಮೊದಲು, ಬೇಸಿಗೆಯಲ್ಲಿ ನಪಾಸಾದವನು ಅಕ್ಟೋಬರಿಗೆ ಕಾಯಬೇಕಿತ್ತು. ಅಷ್ಟರಲ್ಲಿ ಕಾಲೇಜಿನ ಪ್ರವೇಶ ಮುಗಿದಿರುತ್ತಿತ್ತು, ಒಂದು ವರ್ಷ ಹೋಯಿತು. ಹಳಿಯಾಳದ ಪಾಲಕರೊಬ್ಬರು ನನ್ನನ್ನು ಕೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಮಾಸ್ತರ, ಒಂದ್ ವರ್ಷ ಮನ್ಯಾಗ ಕುಂತ ಹುಡುಗ ಮತ್ತ ಸಾಲಿಗೆ ಬರ್ತಾನೇನ್ರೀ?’ ಬರುತ್ತಿರಲಿಲ್ಲ. ಜೋಯಿಡಾದವರು ಗೋವೆಯ ಹೊಟೇಲಿಗೋ ಕಟ್ಟಡದ ಕೆಲಸಕ್ಕೋ ಹೋದರೆ ಮುಗಿಯಿತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಮೊದಲನೆಯದರಲ್ಲಿ ಬಿದ್ದವನು ಮುಂದಿನದನ್ನು ಬರೆದು ಅದೇ ವರ್ಷ ಕಾಲೇಜಿಗೆ ಸೇರಬಹುದು. ಅಂಕ ಹೆಚ್ಚಿಸಿಕೊಳ್ಳಲು ಪಾಸಾದವರೂ ಬರೆಯಬಹುದು, ಹೆಚ್ಚು ಬಂದದ್ದು ಉಳಿಯುತ್ತದೆ. ಸಿಬಿಎಸ್‌ಇ 2026ರಿಂದ ಹತ್ತಕ್ಕೆ ಎರಡು ಪರೀಕ್ಷೆ ಎಂದು ನಿರ್ಧರಿಸುವ ಮೊದಲೇ ಕರ್ನಾಟಕ ಇದನ್ನು ಮಾಡಿತ್ತು. ನನ್ನ ಸೇವೆಯ ಮೊದಲ ವರ್ಷಗಳಲ್ಲೇ ಇದು ಬಂದಿದ್ದರೆ ಕೆಲವು ಹುಡುಗಿಯರ ಮದುವೆ ನಾಲ್ಕು ವರ್ಷ ತಡವಾಗುತ್ತಿತ್ತು.

ಪಾಸು ಎಂಬ ಪದಕ್ಕೆ ಈಗ ಹಿಂದಿನ ಬೆಲೆ ಇಲ್ಲ ಎಂಬುದನ್ನೂ ಹೇಳಬೇಕು. ದಾಂಡೇಲಿಯಲ್ಲಿ ಬದಲಿ ಕೆಲಸದ ಆ ನೆಲ ಈಗಿಲ್ಲ. ಫೆರೋ ಅಲಾಯ್ಸ್, ಪ್ಲೈವುಡ್ಡು ಹಳಬರ ನೆನಪಿನಲ್ಲಿವೆ. ಊರು ರೆಸಾರ್ಟು, ರಾಫ್ಟಿಂಗಿನ ಮೇಲೆ ನಿಂತಿದೆ. ಮನೆಯ ಹಿಂದಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ಅರಣ್ಯ ರಕ್ಷಕನಾಗಲು ಪಿಯುಸಿ ಬೇಕು. ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ಲಿಗೂ ಪಿಯುಸಿ. ಹಳ್ಳಿಯ ಅಂಚೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಹತ್ತನೆಯದು ಸಾಕು, ಆದರೆ ಆಯ್ಕೆ ಹತ್ತನೆಯ ಅಂಕದ ಮೇಲೆಯೇ. ಮೂವತ್ಮೂರು, ನಲವತ್ತು ತಂದವರ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ. ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿ ವಸತಿ ನಿಲಯ, ವಿದ್ಯಾರ್ಥಿವೇತನ ಬಂತು. ಕುಣಬಿಯರು ಇನ್ನೂ ಕೇಳುತ್ತಲೇ ಇದ್ದಾರೆ. ದಾಂಡೇಲಿಯಲ್ಲೇ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ, ಎಸ್ಸೆಸ್ಸೆಲ್ಸಿಯ ನಂತರ ಡಿಪ್ಲೊಮಾ ಕೊಡುತ್ತದೆ. ಅಲ್ಲಿ ಮಿಲಿಮೀಟರಿನ ನೂರರಲ್ಲೊಂದು ಪಾಲನ್ನು ಅಳೆಯಬೇಕು, ನಕ್ಷೆ ಓದಬೇಕು. ಪ್ರಮೇಯ ಬಾಯಿಪಾಠ ಮಾಡಿ ಹೋದವನು ಅಲ್ಲಿ ನಿಲ್ಲುವುದು ಕಷ್ಟ.

ಆದ್ದರಿಂದ ನಾನು ಇಲಾಖೆಗೆ ಕೇಳುವುದು ಇಷ್ಟು. ಮೂವತ್ಮೂರು ಇರಲಿ. ಮನೆಯಲ್ಲಿ ಕನ್ನಡವಿಲ್ಲದ ಮಕ್ಕಳಿಗೆ ಎಂಟನೆಯ ತರಗತಿಯಲ್ಲಿ ಇಡೀ ವರ್ಷದ ಸೇತುಬಂಧ ಬೇಕು, ಅದಕ್ಕೆ ಅವರ ಮಾತು ಬಲ್ಲ ಶಿಕ್ಷಕರು ಬೇಕು. ಫಲಿತಾಂಶವನ್ನು ತಾಲ್ಲೂಕುವಾರು, ವಿಷಯವಾರು ಜನರ ಮುಂದಿಡಿ. ಪಾಲಕರಿಗೆ ಹೇಳುವುದು ಇನ್ನೊಂದು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಮೊದಲ ಪರೀಕ್ಷೆಯಲ್ಲಿ ಬಿದ್ದ ಮಗು ಇದ್ದರೆ ಗೋವೆಯ ಬಸ್ಸು ಹತ್ತಿಸಬೇಡಿ. ಫಲಿತಾಂಶ ಬಂದ ವಾರದಲ್ಲೇ ಶಾಲೆಗೆ ಕರೆದುಕೊಂಡು ಹೋಗಿ ಎರಡನೆಯ ಪರೀಕ್ಷೆಗೆ ಹೆಸರು ಬರೆಸಿ.