ಪರವಾಗಿಲ್ಲ ಅಂದ್ರೆ ಎಷ್ಟಮ್ಮ?

ನಮ್ಮ ಚನ್ನರಾಯಪಟ್ಟಣ ಹೋಬಳಿಯಲ್ಲಿ ರೇಷ್ಮೆ ಸಾಕುವ ಮನೆಯ ಹೆಂಗಸರಿಗೆ, ಹುಳ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲಿನ ವಾರ ನಿದ್ದೆ ಇರುವುದಿಲ್ಲ. ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಆಗಲೇ ಖರ್ಚಾಗುವುದು. ಅಂಥ ಒಂದು ವಾರದಲ್ಲಿ ನನ್ನ ಬಲಗೈ ನಡುಬೆರಳು ಬುಡದಿಂದ ತುದಿಯವರೆಗೂ ಹಣ್ಣಾಗುವ ಹುಳದಂತೆ ಊದಿಕೊಂಡಿತು. ಕುಡುಗೋಲು ಹಿಡಿಯಲು ಆಗಲಿಲ್ಲ. ಹಿಮ್ಮಡಿ ಊರಿದರೆ ಜೀವ ಹೋಗುವಂಥ ನೋವು. ಮೊಣಕೈ, ತಲೆಯಲ್ಲಿ ಸೋರಿಯಾಸಿಸ್ ಹೊಟ್ಟು ಏಳುತ್ತಿದ್ದದ್ದು ಹಳೆಯ ಕಥೆ. ಅದಕ್ಕೂ ಬೆರಳಿಗೂ ನಂಟಿದೆ ಅಂತ ಯಾರಿಗೆ ಗೊತ್ತು! ಮೊದಲು ತೋರಿಸಿದ ಕಡೆ, ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ ಇಲ್ಲ, ಕೀಲುವಾತ ಅಲ್ಲ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು. ನನ್ನದು ಸೋರಿಯಾಸಿಸ್ ಜೊತೆ ಬರುವ ಸೋರಿಯಾಟಿಕ್ ಆರ್ಥ್ರೈಟಿಸ್, ಅದು ಇದ್ದವರಲ್ಲಿ ಆ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ ಎಂದು ಹೇಳಿದವರು ಆಮೇಲೆ ಬೆಂಗಳೂರಿನಲ್ಲಿ ಸಿಕ್ಕ ಕೀಲುರೋಗದ ಡಾಕ್ಟರು.

ಅವರು ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ, "ನೋವು ಹೇಗಿದೆ?" ಅಂದರು.

"ಪರವಾಗಿಲ್ಲ ಸಾರ್."

"ಪರವಾಗಿಲ್ಲ ಅಂದ್ರೆ ಎಷ್ಟಮ್ಮ? ಸೊನ್ನೆಯಿಂದ ಹತ್ತರೊಳಗೆ ಹೇಳಿ."

ಆಮೇಲೆ ಒಂದು ಹಾಳೆ ಕೊಟ್ಟರು. ನೋವು, ಸುಸ್ತು, ಚರ್ಮ, ಕೆಲಸ, ನಿದ್ದೆ, ಭಯ, ನಾಚಿಕೆ ಹೀಗೆ ಹನ್ನೆರಡು ಬಾಬ್ತು, ಕಳೆದ ವಾರದ್ದು. ಪಿಎಸ್‌ಎಐಡಿ ಅಂತ ಅದರ ಹೆಸರು. ಯುರೋಪಿನಲ್ಲಿ ರೋಗಿಗಳನ್ನೂ ಕೂರಿಸಿಕೊಂಡು ರೂಪಿಸಿ 2014ರಲ್ಲಿ ಪ್ರಕಟಿಸಿದ್ದಂತೆ. ಆ ದಿನ ರಕ್ತದಲ್ಲಿ ಉರಿಯೂತ ತೋರಿಸುವ ನನ್ನ ಸಿಆರ್‌ಪಿ ಸರಿಯಾಗಿಯೇ ಇತ್ತು. ಹಾಳೆಯಲ್ಲಿ ಮಾತ್ರ ಸುಸ್ತು ಎಂಟು, ನಿದ್ದೆ ಏಳು. ಊದಿದ ಕೀಲುಗಳ ಜೊತೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡು ವಾರಕ್ಕೊಂದು ದಿನದ ಮೆಥೊಟ್ರೆಕ್ಸೇಟ್ ಶುರು ಮಾಡಿದರು.

ಇನ್ನೊಂದು ಹಾಳೆ ಕೈಕಾಲಿನ ಕೆಲಸದ್ದು. ಮೂಲದಲ್ಲಿ ಅಮೆರಿಕದ್ದು, ನಮ್ಮ ದೇಶಕ್ಕೆ ತಕ್ಕಂತೆ ಬದಲಾಯಿಸಿದ್ದು. ಸೀರೆ ಉಡುತ್ತೀರಾ, ಆಟೋ ಹತ್ತಿ ಇಳಿಯುತ್ತೀರಾ, ಮೂರು ಕಿಲೋಮೀಟರ್ ನಡೆಯುತ್ತೀರಾ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೀರಾ? ಕೊನೆಯದಕ್ಕೆ ನಾನು ಯೋಚಿಸಲೇ ಇಲ್ಲ. 2022ರ ಏಪ್ರಿಲ್‌ನಲ್ಲಿ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಭೂಸ್ವಾಧೀನದಿಂದ ಉಳಿಸಿಕೊಳ್ಳಲು ಧರಣಿ ಶುರುವಾದಾಗ ಓರಗೆಯವರೆಲ್ಲ ನೆಲದ ಮೇಲೆ ಕೂತಿದ್ದರು, ನಾನು ಮುದುಕಿಯರ ಜೊತೆ ಕುರ್ಚಿಯಲ್ಲಿ. "ಆಗುವುದೇ ಇಲ್ಲ" ಎಂಬಲ್ಲಿ ಗುರುತು ಹಾಕಿದೆ. ಹಾಲು ಕರೆಯುವುದನ್ನು, ಸೊಪ್ಪು ಕೊಯ್ಯುವುದನ್ನು ಆ ಹಾಳೆ ಕೇಳುವುದಿಲ್ಲ, ಕೇಳಬೇಕಿತ್ತು.

ಮೊದಲ ಹಾಳೆಯ ಹನ್ನೆರಡು ಬಾಬ್ತಿಗೂ ತೂಕ ಒಂದೇ ಅಲ್ಲ. ನೋವಿಗೆ ಮೂರು ಪಾಲು, ಸುಸ್ತಿಗೆ ಎರಡು, ನಾಚಿಕೆಗೆ ಒಂದು. ಈ ತಕ್ಕಡಿ ನನಗೆ ಒಪ್ಪಿಗೆಯಿಲ್ಲ. ಮದುವೆ ಮನೆಯಲ್ಲಿ ನಾನು ಬಡಿಸಲು ನಿಂತರೆ ಎಲೆಯ ಮುಂದಿರುವವರು ನನ್ನ ಕೈಯನ್ನೇ ನೋಡುತ್ತಾರೆ. ಕೀಲುನೋವಿಗೆ ಮಾತ್ರೆಯಾದರೂ ಇದೆ.

ಹೋದ ಸಲ ಒಟ್ಟು ಅಂಕ ನಾಲ್ಕಕ್ಕಿಂತ ಕೆಳಗೆ ಬಂತು. ನಾಲ್ಕರೊಳಗಿದ್ದರೆ ರೋಗಿಗೆ ಸಹಿಸುವಂಥ ಸ್ಥಿತಿ ಅಂತ ಲೆಕ್ಕ; ಡಾಕ್ಟರಿಗೆ ಖುಷಿ. ಸುಸ್ತು ಮಾತ್ರ ಆರರಿಂದ ಇಳಿದಿಲ್ಲ. ಅದನ್ನು ಬೇರೆಯಾಗಿ ತೋರಿಸಿ ಕೇಳಿದ್ದಕ್ಕೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಈ ಬೆಳೆಗೆ ನೂರು ಚಿಟ್ಟೆಯ ಮೊಟ್ಟೆ ಬೇಡ, ಐವತ್ತರದು ಸಾಕು ಅಂತ ಮನೆಯವರಿಗೆ ಹೇಳಿದ್ದೇನೆ.